ಆ ಬೆನ್ನು ನನ್ನದಲ್ಲ

ಮೊದಲಿಗೆ ಕ್ಷಮಿಸಿಬಿಡಿ. ನನಗೆ ಹೇಳಲು ಬರುವುದಿಲ್ಲ. ಇದು ವಿನಯದ ಮಾತಲ್ಲ. ನಾನು ನಗುವ ಸಂಗತಿ ಏನಾದರೂ ಶುರು ಮಾಡಿದರೆ, ನಗು ಬರುವ ಜಾಗ ಮುಟ್ಟುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಒಮ್ಮೆ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರಿಗೆ ಹೀಗೇ ಹೇಳುತ್ತಿದ್ದೆ. ಬಸ್ಸು ಬಂತು, ಅವರು ಹತ್ತಿ ಹೋದರು. ಅದು ಅವರ ಊರಿಗೆ ಹೋಗುವ ಬಸ್ಸಲ್ಲ ಎಂದು ಆಮೇಲೆ ತಿಳಿಯಿತು.

ಇಂಥ ಸಂಗತಿಗಳು ನನಗೇ ಯಾಕೆ ಆಗುತ್ತವೆಯೋ ಗೊತ್ತಿಲ್ಲ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಊರವರಿಗೆ ನಗು ಬರುತ್ತದೆ, ನನಗೆ ಬರುವುದಿಲ್ಲ. ಅಷ್ಟು ಜನ ನಗುತ್ತಾರೆ ಎಂದ ಮೇಲೆ ನಗುವಂಥದ್ದೇ ಇರಬೇಕು ಎಂದು ನಂಬಿ ಬರೆಯುತ್ತಿದ್ದೇನೆ. ಬರೆಯಲು ಹೊತ್ತೂ ಇದೆ. ಬೆಳಿಗ್ಗೆ ಆರು ಗಂಟೆಯಿಂದ ಉಗಾರ ಬುದ್ರುಕದ ಹೊಳೆ ದಂಡೆಯಲ್ಲಿ, ಕಬ್ಬಿನ ಹೊಲದ ಪಕ್ಕ, ಲಂಗೋಟ ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೇನೆ. ಸಿನೆಮಾ ಶೂಟಿಂಗು. ನನ್ನನ್ನು ಇನ್ನೂ ಕರೆದಿಲ್ಲ. ಕರೆಯದಿದ್ದರೆ ಒಳ್ಳೆಯದು ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೇನೆ. ಯಾಕೆ ಎನ್ನುವುದು ಕೊನೆಗೆ ಬರುತ್ತದೆ. ಈಗಲೇ ಹೇಳಿದರೆ ಕೆಡುತ್ತದೆ.

ನಾನು ಕುಸ್ತಿಯವನು. ಹದಿನಾಲ್ಕು ವರ್ಷ ಅದೇ ನನ್ನ ಹೊಟ್ಟೆಪಾಡು. ಚಿಕ್ಕೋಡಿ, ರಾಯಬಾಗ, ಅಥಣಿ, ಗಡಿ ದಾಟಿ ಆ ಕಡೆ, ಎಲ್ಲಿ ಮೈದಾನವಿದ್ದರೂ ಕರೆ ಬರುತ್ತಿತ್ತು. ನಮ್ಮ ಮಣ್ಣಿನ ಕುಸ್ತಿಯ ನಿಯಮ ಒಂದೇ: ಎರಡೂ ಭುಜ ಒಟ್ಟಿಗೆ ನೆಲಕ್ಕೆ ಹತ್ತಿದರೆ ಚಿತ್, ಸೋತ ಹಾಗೆ. ಒಂದೇ ಭುಜ ಹತ್ತಿದರೆ ಆಟ ಮುಂದುವರಿಯುತ್ತದೆ. ನಾನು ಬರೋಬರಿ, ಅಂದರೆ ಸಮ, ಮಾಡಿಕೊಂಡು ಎದ್ದದ್ದು ಬಹಳ ಸಲ ಇದೆ. ಚಿತ್ ಆದದ್ದು ಒಂದು ಸಲವೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ, ಅದಕ್ಕೆ ಹೇಳಿದೆ.

ನನ್ನನ್ನು ತಯಾರು ಮಾಡಿದವರು ನಮ್ಮ ತಾಲೀಮಿನ ವಸ್ತಾದರು. ತಾಲೀಮು ಅಂದರೆ ಗರಡಿಮನೆ, ವಸ್ತಾದ ಅಂದರೆ ಅಲ್ಲಿನ ಗುರು. ನಿಮಗೆ ಗೊತ್ತಿರುತ್ತದೆ. ಆದರೂ ಓದುವವರಲ್ಲಿ ಗೊತ್ತಿಲ್ಲದವರು ಒಬ್ಬರಿದ್ದರೂ ನನಗೆ ಸಮಾಧಾನವಿರುವುದಿಲ್ಲ. ಅವರು ಶಿಷ್ಯರನ್ನು ಹೆಸರು ಹಿಡಿದು ಕರೆಯುವವರಲ್ಲ. ಎಲ್ಲರಿಗೂ 'ಲೇ' ಎನ್ನುತ್ತಾರೆ. ಆರೇಳು ವರ್ಷ ಮಣ್ಣಿನಲ್ಲಿ ಉರುಳಾಡಿದ ಮೇಲೆ ಒಂದು ದಿನ 'ಪೈಲವಾನ' ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಬಿರುದು ನಮ್ಮಲ್ಲಿ ಇಲ್ಲ. ನನ್ನನ್ನು ಹಾಗೆ ಕರೆದ ದಿನ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಅಂದಿದ್ದರು: "ನನ್ನ ಬೆನ್ನಿಗೆ ಒಂದ ಸಲ ಮಣ್ಣ ಹತ್ತೈತಿ, ಪೈಲವಾನ. ನಿನ್ನ ಬೆನ್ನಿಗೆ ಹತ್ತಬಾರದು."

ಎರಡು ವರ್ಷವಾಯಿತು, ಆ ಬಾಯಿಂದ ಆ ಮಾತು ನನಗೆ ಬಂದಿಲ್ಲ. ಕಾರಣ ಸಿನೆಮಾ. ಒಂದೊಂದಾಗಿ ಹೇಳುತ್ತೇನೆ.

೧. ಮಣ್ಣು

ನನ್ನ ಬಲ ಮೊಣಕಾಲು ಹೋಯಿತು. ಡಾಕ್ಟರು ಫೋಟೊ ತೆಗೆಸಿ ನೋಡಿ, "ಇನ್ನ ಕುಸ್ತಿ ಹಿಡದ್ರ, ಮುಂದ ಕೋಲ ಹಿಡೀಬೇಕಾಗ್ತೈತಿ" ಅಂದರು. ಅದೇ ಹೊತ್ತಿಗೆ ನಿಪ್ಪಾಣಿಗೆ ಬೆಂಗಳೂರಿನಿಂದ ಸಿನೆಮಾದವರು ಬಂದಿದ್ದರು. ತಂಬಾಕಿನ ಗೋಡೌನಿನಲ್ಲಿ ವಿಲನ್ ಇರುತ್ತಾನಂತೆ, ಅವನ ಹಿಂದೆ ನಿಲ್ಲಲು ನಾಲ್ಕು ಜನ ಗಟ್ಟಿಮುಟ್ಟು ಆಳು ಬೇಕಾಗಿತ್ತು. ಮುಖದಲ್ಲಿ ಸಿಟ್ಟಿರಬೇಕು ಅಂದಿದ್ದರು. ನನಗೆ ಸಿಟ್ಟು ಬರುವುದಿಲ್ಲ. ಆದರೆ ಕುಸ್ತಿ ಹಿಡಿದು ಹಿಡಿದು ಎರಡೂ ಕಿವಿ ಜಜ್ಜಿ ಗಂಟಾಗಿವೆ. ಅದನ್ನು ನೋಡಿದವರು ಉಳಿದದ್ದನ್ನು ತಾವೇ ಊಹಿಸಿಕೊಳ್ಳುತ್ತಾರೆ. ಹಾಗೆ ಆಯ್ಕೆಯಾದೆ.

ಮೊದಲ ದಿನ, ಮೊದಲ ಶಾಟು. ಹೀರೋ ಬಿಳಿ ಅಂಗಿ ಹಾಕಿಕೊಂಡು ಗೋಡೌನಿನ ನಡುವೆ ನಿಂತಿದ್ದ. ತೆಳ್ಳಗಿನ, ಒಳ್ಳೆಯ ಸ್ವಭಾವದ ಹುಡುಗ. ನಾನು ಓಡಿ ಹೋಗಿ ಅವನ ಕುತ್ತಿಗೆಗೆ ಕೈ ಹಾಕಬೇಕು. ಡೈರೆಕ್ಟರು "ಆಕ್ಷನ್" ಅಂದರು. ನಾನು ಓಡಿದೆ. ಹತ್ತಿರ ಹೋಗಿ ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿದೆ. ಸೊಂಟದಲ್ಲಿ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ, ಒಂದು ಹಿಡಿ ತಾಲೀಮಿನ ಮಣ್ಣು ತೆಗೆದು, ಅವನ ಎರಡೂ ತೋಳಿಗೆ, ಕುತ್ತಿಗೆಗೆ ಚೆನ್ನಾಗಿ ಉಜ್ಜಿದೆ.

ಇದನ್ನು ವಿವರಿಸಬೇಕು. ನಮ್ಮಲ್ಲಿ ಕುಸ್ತಿಗೆ ಮೊದಲು ಸಲಾಮಿ ಅಂತ ಇರುತ್ತದೆ. ನೆಲಕ್ಕೆ ಕೈ ಮುಗಿದು, ಎದುರಿನವನ ಮೈಗೆ ಮಣ್ಣು ಹಚ್ಚಿ, ಕೈ ಮುಟ್ಟಿಸಬೇಕು. ಮಣ್ಣು ಹಚ್ಚಿದರೆ ಬೆವರಿಗೆ ಹಿಡಿತ ಜಾರುವುದಿಲ್ಲ. ಸಲಾಮಿ ಮಾಡದೆ ಮೈಮೇಲೆ ಬೀಳುವವನು ನಮ್ಮ ಲೆಕ್ಕದಲ್ಲಿ ಪೈಲವಾನನೇ ಅಲ್ಲ.

"ಕಟ್. ಏನ್ರೀ ಇದು?" ಅಂದರು ಡೈರೆಕ್ಟರು.

"ಸಲಾಮಿರಿ."

"ನೀವು ಅವರನ್ನ ಕೊಲ್ಲೋಕೆ ಬಂದಿರೋ ರೌಡಿ ಕಣ್ರೀ."

"ಹೌದ್ರಿ, ಕೊಲ್ತೇನ್ರಿ. ಆದ್ರ ಮೊದಲ ಸಲಾಮಿ ಆಗಬೇಕಲ್ರಿ?"

ನಮ್ಮ ಮಣ್ಣಿನಲ್ಲಿ ಅರಿಶಿನ, ಕರ್ಪೂರ, ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣು ಎಲ್ಲ ಇರುತ್ತದೆ. ಬಿಳಿ ಅಂಗಿಯ ಕಲೆ ಹೋಗಲಿಲ್ಲ. ಹೊಸ ಅಂಗಿ ಹೊಲಿಯುವವರೆಗೆ ಶೂಟಿಂಗು ನಿಂತಿತು. ನನ್ನನ್ನು ಮನೆಗೆ ಕಳಿಸುತ್ತಾರೆ ಎಂದು ಚಪ್ಪಲಿ ಹಾಕಿಕೊಂಡು ಕೂತಿದ್ದೆ. ಸಂಜೆ ಹೀರೋನ ಕಡೆಯವನು ಬಂದ. "ಅದು ಇನ್ನೊಂದು ಹಿಡಿ ಇದ್ಯಾ? ಸರ್ ಮುಖಕ್ಕೆ ಹಚ್ಕೋಬೇಕಂತೆ. ಕೈ ತುಂಬಾ ನುಣ್ಣಗಾಗಿದೆ ಅಂತಿದ್ದಾರೆ." ಆ ಸಿನೆಮಾದಲ್ಲಿ ನಾನು ಕೊಟ್ಟದ್ದರಲ್ಲಿ ಮೆಚ್ಚುಗೆ ಪಡೆದದ್ದು ಆ ಮಣ್ಣು ಒಂದೇ.

೨. ಬೀಳುವುದು

ಹೊಡೆದಾಟದ ಕೊನೆಗೆ ಹೀರೋ ನನ್ನ ಅಂಗಿ ಹರಿದು, ನನ್ನನ್ನು ಎತ್ತಿ ಒಗೆಯಬೇಕು. ಕ್ಯಾಮರಾ ಹಿಂದೆ, ನೆಲದ ಮಟ್ಟಕ್ಕೆ ಇರುತ್ತದೆ. ಬರಿ ಬೆನ್ನು ದಪ್ಪನೆ ಬಂದು ನೆಲಕ್ಕೆ ಬೀಳುವುದು ಕಾಣಬೇಕು. ಮುಖ ಬೇಡ, ಬೆನ್ನು ಸಾಕು.

ನಾನು ಬಿದ್ದೆ. ಆದರೆ ನೆಲ ಹತ್ತಿರ ಬಂದ ಕೂಡಲೇ ಕುತ್ತಿಗೆ ತಾನಾಗಿ ಬಿಲ್ಲಿನಂತೆ ಬಾಗಿತು, ಬಲ ಭುಜ ಮೇಲೆದ್ದಿತು, ನಾನು ಹೊಟ್ಟೆಯ ಮೇಲೆ ಹೊರಳಿದೆ. ಮತ್ತೆ ಮಾಡಿದೆವು, ಮತ್ತೆ ಹೊರಳಿದೆ. ತಂಬಾಕಿನ ದೂಳಿಗೆ ಹೀರೋಗೆ ಸೀನು ಹತ್ತಿತ್ತು. ಪ್ರತಿ ಸಲ ನನ್ನನ್ನು ಎತ್ತುವ ಮೊದಲು ಒಂದು ಸೀನು, ಒಗೆದ ಮೇಲೆ ಎರಡು. ಹನ್ನೊಂದು ಸಲ ಆಯಿತು.

"ನೀವು ಬೀಳ್ತಾ ಇಲ್ಲ, ತಪ್ಪಿಸ್ಕೊಳ್ತಾ ಇದ್ದೀರಾ" ಅಂದರು ಡೈರೆಕ್ಟರು.

"ನಾ ಬೀಳಾಕತ್ತೇನ್ರಿ. ಮೈ ಕೇಳವಲ್ತು."

ಫೈಟ್ ಮಾಸ್ಟರು ಕಲಿಸಿಕೊಡುತ್ತೇನೆ ಎಂದು ಬಂದರು. ನನ್ನನ್ನು ಮಲಗಿಸಿ, ಎದೆಯ ಮೇಲೆ ಕೂತು, ಎರಡೂ ಭುಜ ಹಿಡಿದು ನೆಲಕ್ಕೆ ಒತ್ತಿದರು. ಮುಂದಿನದು ನನಗೆ ಗೊತ್ತಾಗಿ ಆದದ್ದಲ್ಲ. ಕಣ್ಣು ಬಿಟ್ಟಾಗ ಅವರು ಕೆಳಗಿದ್ದರು, ನಾನು ಮೇಲಿದ್ದೆ. ಅವರ ಎರಡೂ ಭುಜ ನೆಲಕ್ಕೆ ಹತ್ತಿದ್ದವು.

ಕೊನೆಗೆ ಗೋಡೌನಿನ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಹೀರೋಗೆ ಇನ್ನೊಂದು ಅಂಗಿ ಹೊಲಿಯುತ್ತಿದ್ದ ಟೇಲರನನ್ನು ಕರೆದರು. ಅವನ ಮೈಕಟ್ಟು ಸುಮಾರು ನನ್ನಷ್ಟೇ ಇತ್ತು. ಅಂಗಿ ಬಿಚ್ಚಿಸಿ, ನನ್ನ ಪ್ಯಾಂಟು ಹಾಕಿಸಿ ನಿಲ್ಲಿಸಿದರು. ಹೀರೋ ಒಗೆದ. ಟೇಲರು ಗೋಣಿಚೀಲ ಬಿದ್ದ ಹಾಗೆ ಬಿದ್ದ. ಒಂದೇ ಸಲಕ್ಕೆ ಓಕೆ ಆಯಿತು. ಎಲ್ಲ ಸಿನೆಮಾದಲ್ಲಿ ಹೀರೋಗೆ ಡೂಪ್ ಇರುತ್ತಾನೆ. ಇಲ್ಲಿ ಹೀರೋ ಎಲ್ಲ ತಾನೇ ಮಾಡಿದ, ಡೂಪ್ ಬೇಕಾದದ್ದು ರೌಡಿಗೆ. ಟೇಲರು ಎದ್ದು ಮೈ ಕೊಡವಿಕೊಂಡು ನನ್ನ ಕಡೆ ನೋಡಿ ಕೇಳಿದ: "ಇಷ್ಟೇನಾ ಸಾರ್? ಇದಕ್ಕೆ ಹನ್ನೊಂದು ಸಲ ಯಾಕೆ ಬೇಕಾಯ್ತು?"

೩. ಬಟಾಟಿ

ನಾವು ಜೈನರು. ನಮ್ಮವ್ವ ನೆಲದೊಳಗೆ ಬೆಳೆಯುವ ಗಡ್ಡೆಗೆಣಸು ಬಿಟ್ಟು ಎಷ್ಟೋ ವರ್ಷವಾಯಿತು. ನಾನೂ ತಿನ್ನುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಹಾಲು, ತುಪ್ಪ, ಬಾದಾಮಿಯಲ್ಲೇ ಈ ದೇಹ ಬೆಳೆದದ್ದು.

ಸಿನೆಮಾದಲ್ಲಿ ವಿಲನ್ ಊಟ ಮಾಡುವ ಒಂದು ದೃಶ್ಯವಿತ್ತು. ನಾನು ಅವನ ಪಕ್ಕ ಕೂತು ಕೋಳಿಯ ಕಾಲು ಹರಿದು ತಿನ್ನಬೇಕು. ಆಗುವುದಿಲ್ಲ ಎಂದು ಕೈ ಮುಗಿದೆ. ಡೈರೆಕ್ಟರು ತೊಂದರೆ ಕೊಡಲಿಲ್ಲ. ಅಡುಗೆಯವರು ಏನನ್ನೋ ಕಾಲಿನ ಆಕಾರಕ್ಕೆ ಕೆತ್ತಿ, ಕೆಂಪು ಬಣ್ಣ ಹಚ್ಚಿ ತಂದರು. "ಕಾಯಿಪಲ್ಯೆ ಹೌದಲ್ರಿ?" ಎಂದು ಕೇಳಿದೆ. "ಪಕ್ಕಾ ವೆಜ್" ಅಂದರು. ಕಚ್ಚಿದ ಮೇಲೆ ಗೊತ್ತಾಯಿತು, ಆಲೂಗಡ್ಡೆ. ನಮ್ಮ ಕಡೆಯ ಬಟಾಟಿ. ಉಗುಳಲು ಆಗಲಿಲ್ಲ, ಕ್ಯಾಮರಾ ಓಡುತ್ತಿತ್ತು.

ಸಿನೆಮಾ ಅಥಣಿಗೆ ಬಂದಾಗ ಅವ್ವನನ್ನು ಕರೆದುಕೊಂಡು ಹೋದೆ. ನನಗೆ ಒಂದೇ ಒಂದು ಮಾತಿತ್ತು: "ಯಾರಲೇ ನೀನು?" ಅದನ್ನೂ ಬೆಂಗಳೂರಿನಲ್ಲಿ ಬೇರೆ ಯಾರಿಂದಲೋ ಹೇಳಿಸಿದ್ದರು. ನನ್ನ ಬಾಯಿ ತೆರೆಯಿತು, ಒಳಗಿನಿಂದ ಕೊಳಲಿನಂಥ ದನಿ ಬಂತು. ಅವ್ವ ತಿರುಗಿ ನೋಡಿ, "ನಿನಗ ಅವತ್ತ ನೆಗಡಿ ಆಗಿತ್ತೇನೋ?" ಅಂದಳು.

ಆಮೇಲೆ ಕೋಳಿಯ ಕಾಲು ಬಂತು. ಪರದೆಯ ಅಗಲಕ್ಕೂ ನನ್ನ ಬಾಯಿ. ಅವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಕಿವಿಯಲ್ಲಿ ಹೇಳಿದೆ: "ಅವ್ವಾ, ಅದು ಕೋಳಿ ಅಲ್ಲ. ಖರೇನ ಕೋಳಿ ಅಲ್ಲ. ನಿನ್ನ ಆಣಿ."

"ಮತ್ತ ಏನ ಅದು?"

"ಬಟಾಟಿ."

ಅವ್ವ ಸೆರಗು ತೆಗೆದಳು. "ಅಂದ್ರ, ಬಟಾಟಿನೂ ತಿಂದಿ?"

ಆ ಸಿನೆಮಾದಲ್ಲಿ ದನಿ ನನ್ನದಲ್ಲ, ಬೆನ್ನು ನನ್ನದಲ್ಲ. ನನ್ನದು ಅಂತ ಇದ್ದದ್ದು ಬಟಾಟಿ ತಿಂದ ಬಾಯಿ ಒಂದೇ.

೪. ದಿಗ್ಗೇವಾಡಿಯವರು

ವಸ್ತಾದರು ಸಿನೆಮಾ ನೋಡುವವರಲ್ಲ. ಯಾರೋ ಅಥಣಿಯಿಂದ ಬಂದು, "ನಿಮ್ಮ ಹುಡುಗ ಪರದೆ ಮ್ಯಾಲ ಚಿತ್ ಆದ್ನಲ್ರಿ" ಅಂದರಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎರಡೂ ಭುಜ?" "ಎರಡೂರಿ." ಎದ್ದು ತಾಲೀಮಿಗೆ ಹೋಗಿ ಮೈದಾನದಲ್ಲಿ ಗೆದ್ದು ತಂದಿದ್ದ ನನ್ನ ಗದೆಯನ್ನು ಮೂಲೆಯಿಂದ ತಂದು ಹೊರಗೆ ಕಟ್ಟೆಯ ಮೇಲೆ ಇಟ್ಟುಬಿಟ್ಟರು.

ಮಾತು ನಿಂತಿತು. ನಿಂತಿತು ಅಂದರೆ ನನ್ನ ಜೊತೆ ನಿಂತಿತು. ತಾಲೀಮಿನ ನಡುವೆ ಮಲ್ಲಕಂಬವಿದೆ. ನನಗೆ ಹೇಳಬೇಕಾದದ್ದನ್ನು ಅದಕ್ಕೆ ಹೇಳಲು ಶುರು ಮಾಡಿದರು. ನಾನು ಹೋಗಿ ಕಾಲು ಮುಟ್ಟಿ, "ವಸ್ತಾದರ, ಆ ಬೆನ್ನ ನಂದಲ್ರಿ. ಟೇಲರಂದು" ಅಂದೆ. ಅವರು ಕಂಬದ ಕಡೆ ತಿರುಗಿದರು.

"ಕಂಬಪ್ಪಾ, ಮಾರಿ ಒಬ್ಬಂದು ಬೆನ್ನ ಒಬ್ಬಂದು ಇರೋ ಮನಶ್ಯಾನ್ನ ನೀ ಎಲ್ಯರ ನೋಡೀಯೇನು?"

ಕಂಬ ಏನು ಹೇಳುತ್ತದೆ. ನಾನು ಎದ್ದು ಬಂದೆ. ಊರಿನಲ್ಲಿಯೂ ಯಾರೂ ನಂಬಲಿಲ್ಲ. ಸೋತವರೆಲ್ಲ ಒಂದು ನೆಪ ಹೇಳುತ್ತಾರೆ, ಆದರೆ ಬೆನ್ನೇ ಬೇರೆಯವರದು ಅನ್ನುವ ನೆಪ ಹೊಸದು ಎಂದು ಕಟ್ಟೆಯ ಮೇಲೆ ಮೆಚ್ಚಿಕೊಂಡರು.

ಅದೇ ದಿನಗಳಲ್ಲಿ ದಿಗ್ಗೇವಾಡಿಯ ಕುಸ್ತಿ ಕಮಿಟಿಯವರು ಇಬ್ಬರು ಮನೆಗೆ ಬಂದರು. ಮೈದಾನಕ್ಕೆ ಮುಖ್ಯ ಅತಿಥಿಯಾಗಿ ಕರೆಯಲು ಬಂದಿರಬೇಕು ಎಂದುಕೊಂಡೆ. ಎರಡು ವರ್ಷದಲ್ಲಿ ನನಗೆ ಸಂತೋಷವಾದದ್ದು ಆ ಐದು ನಿಮಿಷ. ಚಹಾ ಕುಡಿದು ಹಿರಿಯರು ಕೇಳಿದರು: "ಆ ಹೀರೋನ ತೂಕ ಎಷ್ಟ ಇರಬೇಕ್ರಿ?"

"ಐವತ್ತೆಂಟ ಇರಬಹುದ್ರಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಐವತ್ತೆಂಟರಾಗ ನಿಮ್ಮನ್ನ ಚಿತ್ ಮಾಡ್ಯಾನ ಅಂದ್ರ ಬರೇ ಶಕ್ತಿ ಅಲ್ರಿ, ಏನೋ ಪಟ್ಟು ಐತಿ ಅವನ ಹತ್ರ. ನಮ್ಮ ಮೈದಾನಕ್ಕ ಮೊದಲ ನಂಬರ ಕುಸ್ತಿಗೆ ಬರ್ತಾನೇನ ಕೇಳ್ರಿ."

"ಅಣ್ಣಾರ, ಅದು ಸಿನೆಮಾರಿ. ಸುಳ್ಳ."

"ಸಿನೆಮಾ ಸುಳ್ಳ ಅಂತ ನಮಗೂ ಗೊತ್ತೈತ್ರಿ. ಕಥಿ ಸುಳ್ಳ, ಹಾಡ ಸುಳ್ಳ. ಆದ್ರ ನೆಲ ಖರೇ ನೆಲ ಹೌದಲ್ರಿ? ಬೆನ್ನ ನೆಲಕ್ಕ ಹತ್ತೈತಲ್ರಿ?"

ಹೋಗುವಾಗ ಇನ್ನೊಬ್ಬರು ಮೆಲ್ಲಗೆ ಕೇಳಿದರು, "ಖುರಾಕ ಏನ ತಗೋತಾನ್ರಿ?" ಕುಸ್ತಿಯವರ ಊಟಕ್ಕೆ ಖುರಾಕು ಅನ್ನುತ್ತಾರೆ. ನಾನು ನಿಪ್ಪಾಣಿಯಲ್ಲಿ ಕಂಡದ್ದನ್ನು ಹೇಳಿದೆ: ಎರಡು ಹೊತ್ತು ಸೌತೆಕಾಯಿ, ನಡುವೆ ಹಾಲಿಲ್ಲದ ಚಹಾ. ಅದನ್ನು ಹೇಳಬಾರದಿತ್ತು. ಮುಂದಿನ ವಾರ ಆ ಕಡೆ ಹಾಲು ಹಾಕುವವನು ದಾರಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ. "ಏನ ಹೇಳಿ ಕಳಿಸೀರಿ ಮಾರಾಯ್ರ ಅವರಿಗೆ? ತಾಲೀಮಿನ ಹುಡುಗೂರೆಲ್ಲ ಹಾಲ ಬಿಟ್ಟು ಸೌತಿಕಾಯಿ ತಿನ್ನಾಕತ್ತಾವು."

೫. ಅರ್ಧ ದಾಡಿ

ಇದಾದಾಗ ನಾನು ಅಲ್ಲಿರಲಿಲ್ಲ. ಕಟಿಂಗ್ ಅಂಗಡಿಯವನು ಹೇಳಿದ್ದು. ಅವನು ಸುಳ್ಳು ಸೇರಿಸುವವನೇ, ಆದರೆ ಇದರಲ್ಲಿ ಸೇರಿಸಿಲ್ಲ. ಉಳಿದ ಅರ್ಧವನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ ವಸ್ತಾದರು ದಾಡಿ ಮಾಡಿಸಲು ಕೂತಿದ್ದರು. ಅಂಗಡಿಯ ಟೀವಿಯಲ್ಲಿ ಅದೇ ಸಿನೆಮಾ ಹಾಕಿದ್ದರು. ಅಂಗಡಿಯವನಿಗೆ ಗಮನ ಇರಲಿಲ್ಲ. ಎಡ ಕೆನ್ನೆ ಮುಗಿಸಿ ಬಲ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಎತ್ತಿದ್ದ. ಕನ್ನಡಿಯಲ್ಲಿ ಟೀವಿ ಕಾಣುತ್ತಿತ್ತು. ಹೊಡೆದಾಟ ಬಂತು, ನನ್ನ ಅಂಗಿ ಹರಿಯಿತು, ಬೆನ್ನು ಬಂದು ನೆಲಕ್ಕೆ ಬಿತ್ತು.

ವಸ್ತಾದರು ಕುರ್ಚಿಯಿಂದ ಎದ್ದುಬಿಟ್ಟರು. ಕತ್ತಿ ಕಿವಿಯ ಪಕ್ಕದಲ್ಲಿ ಉಳಿಯಿತು.

"ತಿರಗಿ ಹಚ್ಚು ಅದನ್ನ."

"ಟೀವಿರಿ ಅದು, ತಿರಗಿ ಬರೂದಿಲ್ಲ."

ಸರದಿಗೆ ಕಾಯುತ್ತಿದ್ದ ಒಬ್ಬನು ಮೊಬೈಲಿನಲ್ಲಿ ಆ ತುಂಡನ್ನು ಹುಡುಕಿ ತೆಗೆದ. ವಸ್ತಾದರು ಏಳು ಸಲ ನೋಡಿದರು. ನಿಲ್ಲಿಸಿಸಿ, ದೊಡ್ಡದು ಮಾಡಿಸಿ ನೋಡಿದರು. ಕೊನೆಗೆ ಮೊಬೈಲನ್ನು ಎಲ್ಲರ ಕಡೆ ತಿರುಗಿಸಿ ಹಿಡಿದು ಹೇಳಿದರು:

"ಹದಿನಾಕ ವರ್ಷ ಎಣ್ಣಿ ತಿಕ್ಕೇನಿ ನಾ ಆ ಹುಡುಗನ ಬೆನ್ನಿಗೆ. ಇದು ಅವನ ಬೆನ್ನಲ್ಲ. ಇದು ಒಂದ ದಿನಾನೂ ದಂಡ ಹೊಡದಿಲ್ಲ, ಬೈಠಕ ಮಾಡಿಲ್ಲ. ಎಡಕ್ಕ ಬಾಗೇತಿ ನೋಡ್ರಿ, ಬಲಗಾಲ ತುಳೀತಿರಬೇಕು." ಬೆರಳಿಟ್ಟು ತೋರಿಸಿದರು. "ಇದು ಹೊಲಿಗಿ ಮಿಷನ್ ಮುಂದ ಕುಂತ ಬೆನ್ನು."

ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಬೆಳ್ಳಗೆ, ಕೊರಳಲ್ಲಿ ಅಂಗಡಿಯ ಬಟ್ಟೆ. ನನ್ನ ಕಡೆ ನೋಡಲಿಲ್ಲ. ಎರಡು ವರ್ಷ ಮಾಡಿದ ತಪ್ಪನ್ನು ಒಮ್ಮೆಲೇ ಒಪ್ಪಿಕೊಳ್ಳಲು ಯಾರಿಗಾದರೂ ಕಷ್ಟ. ನಮ್ಮವ್ವನಿಗೆ ಹೇಳಿದರು: "ತಂಗಿ, ನಿನ್ನ ಮಗ ಬಿದ್ದಿಲ್ಲ."

ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಅಂದಳು: "ಬಿದ್ದಿಲ್ಲ ಖರೆ. ಬಟಾಟಿ ಮಾತ್ರ ತಿಂದಾನ."

೬. ಇವತ್ತು

ಇಷ್ಟಕ್ಕೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಸುಖವಾಗಿ ಇರುತ್ತಿದ್ದೆ.

ಆ ಭಾನುವಾರಕ್ಕೂ ಮೊದಲೇ ನಾನು ಈ ಎರಡನೇ ಸಿನೆಮಾಕ್ಕೆ ಸಹಿ ಹಾಕಿದ್ದೆ. ಈ ಡೈರೆಕ್ಟರು ಬೇರೆಯವರು, ಈ ಕಡೆಯವರೇ. ಇದರಲ್ಲಿ ನನಗೆ ಐದು ಮಾತು ಕೊಟ್ಟಿದ್ದಾರೆ. ನನ್ನ ದನಿಯಲ್ಲಿ, ನಮ್ಮ ಭಾಷೆಯಲ್ಲಿ. ನಾನು ಯಾರಿಗೂ ಸೋಲದ ಪೈಲವಾನ. ಕೊನೆಗೆ ಹೀರೋ ನನ್ನನ್ನು ಚಿತ್ ಮಾಡುತ್ತಾನೆ. ಒಂದೇ ಷರತ್ತು. ಕ್ಯಾಮರಾ ಕ್ರೇನಿನ ಮೇಲಿರುತ್ತದೆ. ನನ್ನ ಮುಖ ಮತ್ತು ಎರಡೂ ಭುಜ ಒಟ್ಟಿಗೆ ಕಾಣಬೇಕು. "ಡೂಪ್ ನಡೆಯಂಗಿಲ್ರಿ. ನೀವ ಬೀಳಬೇಕು. ಬೀಳೂದಾದ್ರ ಈ ಪಾತ್ರ ನಿಮ್ದು, ಇಲ್ಲಂದ್ರ ಬ್ಯಾರೆಯವರನ್ನ ನೋಡ್ತೇನಿ" ಅಂದಿದ್ದರು. ಮೊಣಕಾಲು ಹೋದವನಿಗೆ ಇನ್ನೊಂದು ಕೆಲಸ ಎಲ್ಲಿದೆ? ಒಪ್ಪಿಕೊಂಡೆ. ವಸ್ತಾದರ ಮಾತಂತೂ ಹೋಗಿಯೇ ಹೋಗಿದೆ, ಇನ್ನೇನು ಉಳಿದಿದೆ ಎಂದುಕೊಂಡೆ.

ಒಂದು ತಿಂಗಳು ಮನೆಯಲ್ಲಿ ಗಾದಿ ಹಾಸಿಕೊಂಡು ಬೀಳುವುದನ್ನು ಕಲಿತೆ. ಬೀಳದೆ ಇರುವುದನ್ನು ಹದಿನಾಲ್ಕು ವರ್ಷ ಕಲಿತವನಿಗೆ ಇದು ಸುಲಭವಲ್ಲ. ಅವ್ವ ಒಳಗಿನಿಂದ, "ಏನೋ ಬಿತ್ತು?" ಎಂದು ಕೇಳುತ್ತಿದ್ದಳು. "ನಾನವ್ವಾ" ಅನ್ನುತ್ತಿದ್ದೆ. "ಸರಿಯಾಗಿ ಬಿದ್ದ್ಯೋ ಇಲ್ಲೋ?" ಅನ್ನುತ್ತಿದ್ದಳು. ಕೊನೆಗೂ ಬಂತು. ಈಗ ನಾನು ಟೇಲರನಷ್ಟೇ ಚೆನ್ನಾಗಿ ಬೀಳಬಲ್ಲೆ.

ಇವತ್ತು ಬೆಳಿಗ್ಗೆ ಎಂಟಕ್ಕೆ ಒಂದು ಟ್ರ್ಯಾಕ್ಟರು ಬಂತು. ಹಿಂದಿನ ಟ್ರಾಲಿಯಲ್ಲಿ ವಸ್ತಾದರು ನಿಂತಿದ್ದರು, ತಲೆಗೆ ಪಟಗ ಸುತ್ತಿಕೊಂಡು, ಪೂರ್ತಿ ದಾಡಿ ಮಾಡಿಸಿಕೊಂಡು. ಅವರ ಸುತ್ತ ಕಾಗವಾಡ, ರಾಯಬಾಗ, ಅಥಣಿಯ ತಾಲೀಮಿನವರು. ದಿಗ್ಗೇವಾಡಿಯ ಕಮಿಟಿಯವರೂ ಇದ್ದರು. ಆ ಭಾನುವಾರದಿಂದ ವಸ್ತಾದರು ಊರೂರು ತಿರುಗಿ ಹೇಳಿದ್ದು ಒಂದೇ: "ನಮ್ಮ ಹುಡುಗನ ಬೆನ್ನ ನೆಲ ಕಂಡಿಲ್ಲ. ಉಗಾರದಾಗ ಕುಸ್ತಿ ಶೂಟಿಂಗ ಐತಿ. ಕಣ್ಣೀಲೆ ನೋಡ್ರಿ ಬರ್ರಿ." ಕಥೆಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಯಾರೂ ಅವರಿಗೆ ಹೇಳಿಲ್ಲ. ನಾನೂ ಹೇಳಿಲ್ಲ. ಹೇಳಬೇಕು ಎಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ.

ಟ್ರ್ಯಾಕ್ಟರು ಇಳಿದ ವಸ್ತಾದರು ಸುತ್ತ ನೋಡುತ್ತ ಬಂದರು. ಬೇವಿನ ಮರದ ಕೆಳಗೆ ಅದೇ ಟೇಲರು ಈ ಕಡೆ ಬೆನ್ನು ಮಾಡಿ ಮಿಷನ್ ತುಳಿಯುತ್ತಿದ್ದ. ಈ ಸಿನೆಮಾಕ್ಕೂ ಅವನೇ. ವಸ್ತಾದರು ಅವನ ಹಿಂದೆ ಹೋಗಿ ನಿಂತರು. ಮುಖ ನೋಡಲೇ ಇಲ್ಲ. ಬೆನ್ನ ಮೇಲೆ ಅಂಗೈ ಇಟ್ಟು, "ಎರಡ ವರ್ಷ ಹೋತಪಾ ನಿನ್ನಿಂದ" ಅಂದರು. ಟೇಲರು ಹೆದರಿ, "ಯಾವ ಬಟ್ಟೆ ಸಾರ್?" ಎಂದು ಕೇಳಿದ.

ಡೈರೆಕ್ಟರಿಗೆ ಹಿಗ್ಗೋ ಹಿಗ್ಗು. ಕುಸ್ತಿ ನೋಡುವ ಜನರನ್ನು ಎಲ್ಲಿಂದ ತರಿಸುವುದು ಎಂದು ಚಿಂತೆಯಲ್ಲಿದ್ದರು. ಜನ ತಾವಾಗಿಯೇ ಬಂದಿದ್ದಾರೆ. ಸಾಲದ್ದಕ್ಕೆ ವಸ್ತಾದರ ಪಟಗ, ಮೀಸೆ, ನಿಂತ ಭಂಗಿ ನೋಡಿ, ಪಂಚರ ಪಾತ್ರಕ್ಕೆ ಮೇಕಪ್ ಮಾಡಿಸಿಕೊಂಡು ಕೂತಿದ್ದ ನಟನನ್ನು ಎಬ್ಬಿಸಿ ಕಳಿಸಿಬಿಟ್ಟರು. ಪಂಚ ಅಂದರೆ ಕುಸ್ತಿಯಲ್ಲಿ ತೀರ್ಪು ಹೇಳುವವನು.

"ಯಜಮಾನ್ರ, ನೀವ ಪಂಚರಾಗ್ರಿ. ನಟನೆ ಏನೂ ಬ್ಯಾಡ. ಖರೇ ಕುಸ್ತಿಯೊಳಗ ಹೆಂಗ ಮಾಡ್ತೀರಿ, ಹಂಗ ಮಾಡ್ರಿ."

"ಅಂದ್ರ, ಬಿದ್ರ ಬಿದ್ದಾನ, ಇಲ್ಲಂದ್ರ ಇಲ್ಲ?"

"ಅಷ್ಟರಿ."

"ಹಂಗಾದ್ರ ಆಗ್ಲಿ" ಅಂದರು ವಸ್ತಾದರು. ಅವರ ಕೈಗೆ ಒಂದು ಮೈಕು ಕೊಟ್ಟಿದ್ದಾರೆ.

ಸ್ವಲ್ಪ ಹೊತ್ತಿಗೆ ಮುಂಚೆ ಹೀರೋ ನನ್ನ ಹತ್ತಿರ ಬಂದಿದ್ದ. ಇವನೂ ಬೆಂಗಳೂರಿನವನೇ, ಮುಖ ಬಾಡಿತ್ತು. "ಸರ್, ಆ ತಾತ ನನ್ನ ಪಕ್ಕಕ್ಕೆ ಕರೆದು, 'ತಮ್ಮಾ, ಭಾಳ ಹೊತ್ತ ಜಗ್ಗಾಡಬ್ಯಾಡ, ಸುಮ್ಮನ ಕೈ ನೋಯ್ತಾವ. ಅವ ಬೀಳೂದಿಲ್ಲ' ಅಂದ್ರು. ನೀವು ಬೀಳ್ತೀರ ತಾನೇ?"

ಬೀಳುತ್ತೇನೆ ಅಂದೆ.

ಈಗ ನನ್ನ ಸ್ಥಿತಿಯನ್ನು ಸ್ವಲ್ಪ ವಿವರಿಸುತ್ತೇನೆ. ಕ್ರೇನು ಮಧ್ಯಾಹ್ನದವರೆಗೆ ಮಾತ್ರ ಇರುತ್ತದೆ. ನಾನು ಬೀಳದಿದ್ದರೆ ಐದು ಮಾತೂ ಹೋಗುತ್ತವೆ, ಮುಂದೆ ಯಾವ ಸಿನೆಮಾದವರೂ ಕರೆಯುವುದಿಲ್ಲ. ಬಿದ್ದರೆ ಮೂರು ತಾಲೂಕಿನ ತಾಲೀಮಿನವರ ಎದುರು ನನ್ನ ವಸ್ತಾದರೇ ಮಂಡಿಯೂರಿ, ನನ್ನ ಭುಜದ ಕೆಳಗೆ ಕೈ ಹಾಕಿ ನೋಡಿ, ಹೀರೋನ ಕೈ ಎತ್ತಿ ಹಿಡಿಯಬೇಕು. ಅವರು ಸುಳ್ಳು ತೀರ್ಪು ಕೊಡುವವರಲ್ಲ. ಈ ಸಲ ಬೆನ್ನೂ ನನ್ನದೇ.

ಬೆಳಿಗ್ಗೆಯಿಂದ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದೇನೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಮೇಲಿನಿಂದ ನೋಡುವ ಕ್ಯಾಮರಾಕ್ಕೆ ಎರಡೂ ಭುಜ ನೆಲಕ್ಕೆ ಹತ್ತಿದಂತೆಯೇ ಕಾಣಬೇಕು. ಆದರೆ ಪಕ್ಕದಲ್ಲಿ ಮಂಡಿಯೂರಿ ಕೂತ ವಸ್ತಾದರಿಗೆ ಬಲ ಭುಜದ ಕೆಳಗೆ ಒಂದು ಬೆರಳು ಹೋಗುವಷ್ಟು ಜಾಗ ಸಿಗಬೇಕು. ಅದಕ್ಕೆ ಮೊದಲು ಎಡ ಭುಜವನ್ನು ಪೂರ್ತಿ ಕೊಟ್ಟು, ಕುತ್ತಿಗೆಯನ್ನು ಎಡಕ್ಕೆ ಇಷ್ಟೇ ಇಷ್ಟು ಒತ್ತಿ, ಉಸಿರು ಬಿಡುವಾಗ ಬಲಗಡೆಯ...

ಮೈಕು ಕೂಗಿತು.

"ಪೈಲವಾನ, ಎದ್ದ ಬಾ. ಈ ಹುಡುಗ ನಿಂತ ನಿಂತ ಬಾಡಾಕತ್ತಾನ."

ಎಲ್ಲರೂ ಈ ಕಡೆ ನೋಡುತ್ತಿದ್ದಾರೆ. ಎರಡು ವರ್ಷ ಯಾವ ಮಾತಿಗಾಗಿ ಕಾಯ್ದೆನೋ ಆ ಮಾತು ಬಂತು. ಕಂಬಕ್ಕಲ್ಲ, ನನಗೇ. ಅದೂ ಮೈಕಿನಲ್ಲಿ. ನನಗೆ ಓಡಿ ಹೋಗಬೇಕು ಅನಿಸುತ್ತಿದೆ, ಆ ಕಡೆಗೋ ಹೊಳೆಯ ಕಡೆಗೋ ತಿಳಿಯುತ್ತಿಲ್ಲ. ಬಂದೆ ಎಂದು ಕೈ ಎತ್ತಿದ್ದೇನೆ. ಆ ಒಂದು ಬೆರಳಿನ ಜಾಗದ ವಿಷಯವನ್ನಷ್ಟೇ ಸರಿಯಾಗಿ ಹೇಳಿ ಎದ್ದುಬಿಡುತ್ತೇನೆ, ಯಾಕೆಂದರೆ ಉಸಿರು ಬಿಡುವುದು ಒಂದು ಚೂರು ಮೊದಲಾದರೂ ಬಲ ಭುಜ ನೆಲಕ್ಕೆ...